ನಡು ಉರುಳೆಗೆ ಬಂದ ಕಾಯಿಲೆ

ಸೋಪಿನ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವನು ಡಾಕ್ಟ್ರು. ರಿಪೇರಿ ಮೇಸ್ತ್ರಿಗೆ ಆ ಹೆಸರು ಬಿದ್ದದ್ದು ಒಂದು ಕಬ್ಬಿಣದ ಸಲಾಕೆಯಿಂದ. ಬೆರಳು ದಪ್ಪದ ಸಲಾಕೆ, ಒಂದು ತುದಿಗೆ ಹಿಡಿಯ ಹಾಗೆ ಮರದ ಗುಬುಟು. ತಿರುಗುತ್ತಿರುವ ಮಷೀನಿನ ಬೇರಿಂಗಿನ ಮೇಲೆ ಕಬ್ಬಿಣದ ತುದಿಯಿಟ್ಟು, ಗುಬುಟನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದರೆ ಸಾಕು, ಒಳಗಿನ ಗುಂಡುಗಳು ಅವನ ತಲೆಬುರುಡೆಯೊಳಗೇ ಉರುಳುತ್ತಿದ್ದವು. ಬೇರಿಂಗ್ ಚೆನ್ನಾಗಿದ್ದರೆ ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಸುರಿದ ಹಾಗೆ. ಕೆಟ್ಟಿದ್ದರೆ ಹಲ್ಲಿನಡಿ ಮರಳು ಸಿಕ್ಕಿದ ಹಾಗೆ. ಅವನು ಕಿವಿ ಕೊಟ್ಟು ಹೇಳಿದ್ದು ತಪ್ಪಿದ್ದನ್ನು ಕಂಡವರಿರಲಿಲ್ಲ.

ಕಿವಿ ಕೊಡುವ ಮೊದಲು ಸಲಾಕೆಯಿಂದ ಎರಡು ಸಲ ತಟ್ಟುವುದು ಅವನ ರೂಢಿ. ಟಕ್, ಟಕ್. ಕೆಲಸ ಕಲಿಸಿದ ಹಳೆಯ ಮೇಸ್ತ್ರಿ ಹಾಗೆ ಮಾಡುತ್ತಿದ್ದ, ಇವನೂ ಮಾಡಿಕೊಂಡು ಬಂದ. ಯಾಕೆ ಅಂತ ಕೇಳಿದರೆ, "ಒಬ್ಬರ ಮನೆಗೆ ಹೋದ್ರೆ ಬಾಗಿಲು ತಟ್ಟಲ್ವಾ?" ಅನ್ನುತ್ತಿದ್ದ. ಸ್ವಂತ ಮನೆಯ ಬಾಗಿಲನ್ನೂ ಹಾಗೇ ತಟ್ಟುತ್ತಿದ್ದ. ಮಗಳು ಓದಲು ಕೂರುತ್ತಿದ್ದ ಕೋಣೆಯ ಬಾಗಿಲನ್ನಂತೂ ಗಳಿಗೆಗೊಮ್ಮೆ ತಟ್ಟಿ, ಇಣುಕಿ, "ಓದ್ತಿದೀಯಾ?" ಅಂತ ಕೇಳಿ ಅವಳ ಓದು ಕೆಡಿಸುತ್ತಿದ್ದ.

"ಮಲಗಿರೋ ಮಕ್ಕಳನ್ನ ಅಲ್ಲಾಡಿಸಿ ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳೋ ಅಪ್ಪ ನೀವು," ಅನ್ನುತ್ತಿದ್ದಳು ಹೆಂಡತಿ. "ನಿಮ್ಮ ಕಾಳಜಿ ತಡ್ಕೊಳ್ಳೋಕೆ ಕಬ್ಬಿಣವೇ ಆಗಬೇಕು."

ಆ ವರ್ಷ ಕಾರ್ಖಾನೆಗೆ ಹೊಸ ಪೆಟ್ಟಿಗೆಗಳು ಬಂದವು. ಬೆಂಕಿಪೊಟ್ಟಣದಷ್ಟೇ ದೊಡ್ಡವು, ಬೆನ್ನಿಗೆ ಅಯಸ್ಕಾಂತ. ಮಷೀನಿನ ಮೈಗೆ ಅಂಟಿಸಿದರೆ ಅದರ ನಡುಕವನ್ನೆಲ್ಲ ಅಳೆದು ಇಂಟರ್ನೆಟ್ಟಿನಲ್ಲಿ ಕಳಿಸುತ್ತವೆ; ಯಾರೂ ಕಾಣದ ಯಾವುದೋ ಊರಿನಲ್ಲಿರುವ ಕಂಪ್ಯೂಟರು ಅದನ್ನೆಲ್ಲ ಲೆಕ್ಕ ಹಾಕಿ, ಯಾವ ಮಷೀನು ಯಾವಾಗ ಕೆಡಬಹುದು ಅಂತ ಕೆಡುವ ಮೊದಲೇ ಹೇಳುತ್ತದೆ. ಕ್ಯಾಂಟೀನಿನ ಬಾಗಿಲ ಪಕ್ಕ ಒಂದು ದೊಡ್ಡ ಪರದೆ ನೇತುಹಾಕಿದರು. ಮಷೀನಿಗೊಂದು ಚೌಕ. ಆರೋಗ್ಯವಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೈಮೀರಿದರೆ ಕೆಂಪು.

ಪೆಟ್ಟಿಗೆ ಅಂಟಿಸಲು ಬಂದ ಎಂಜಿನಿಯರ್ ಹುಡುಗಿಗೆ ಕೆಲಸದವರು ಮೊದಲ ದಿನವೇ ಕಂಪ್ಯೂಟರಮ್ಮ ಅಂತ ಹೆಸರಿಟ್ಟರು. ಪೆಟ್ಟಿಗೆ ಮೊದಲು ಪ್ರತಿ ಮಷೀನಿನ ಸಹಜ ನಡುಕ ಎಂಥದು ಅಂತ ಕಲಿಯಬೇಕು, ಆಮೇಲೆ ಅದಕ್ಕಿಂತ ಬೇರೆಯದು ಕಂಡರೆ ಎಚ್ಚರಿಸುತ್ತದೆ ಅಂತ ಅವಳು ಎಲ್ಲರನ್ನೂ ನಿಲ್ಲಿಸಿಕೊಂಡು ತಾಳ್ಮೆಯಿಂದ ವಿವರಿಸಿದಳು. ಅದನ್ನು ಕೇಳಲು ಡಾಕ್ಟ್ರು ಅಲ್ಲಿರಲಿಲ್ಲ. ಮಗಳು ಮೆಟ್ಟಿಲ ಮೇಲಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು, ಅವನು ರಜೆಯಲ್ಲಿದ್ದ. ಪೆಟ್ಟಿಗೆಗಳು ಮಷೀನುಗಳ ಆರೋಗ್ಯ ಕಲಿತದ್ದು ಡಾಕ್ಟ್ರು ಇಲ್ಲದ ದಿನಗಳಲ್ಲಿ.

ಅವನು ರಜೆ ಮುಗಿಸಿ ಬಂದ. ಸ್ವಲ್ಪ ದಿನಕ್ಕೆ ಅರೆಯುವ ಮಷೀನಿನ ನಡು ಉರುಳೆ ಹಳದಿಯಾಯಿತು.

ಮೂರು ಉರುಳೆಗಳ ನಡುವೆ ಸೋಪಿನ ಚೂರುಗಳು ಸಿಕ್ಕಿ, ಅರೆದು, ತೆಳ್ಳನೆಯ ಪಟ್ಟಿಗಳಾಗಿ ಇಳಿಯುವ ಮಷೀನು ಅದು. ಅದು ನಿಂತರೆ ಮುಂದಿನದೆಲ್ಲ ನಿಂತ ಹಾಗೆ. ಡಾಕ್ಟ್ರು ದಿನಾ ಮೊದಲು ಕಿವಿ ಕೊಡುತ್ತಿದ್ದದ್ದೂ ಅದಕ್ಕೇ. ಹಳದಿ ಕಂಡ ಕೂಡಲೇ ಹೋಗಿ ತಟ್ಟಿ ಕೇಳಿದ. ಅಕ್ಕಿ ಸುರಿದ ಸದ್ದು. ಮಧ್ಯಾಹ್ನ ಇನ್ನೊಮ್ಮೆ ಕೇಳಿದ. ಅಕ್ಕಿಯೇ. ಸಂಜೆಯ ಹೊತ್ತಿಗೆ ಹಳದಿ ಇನ್ನೂ ಗಾಢವಾಗಿತ್ತು. ಮಾರನೆಯ ದಿನ ಹೋದಾಗ ಬಂದಾಗೆಲ್ಲ ನಿಂತು ತಟ್ಟಿ ಕೇಳಿದ. ಅವನು ಕೇಳಿದಷ್ಟೂ ಪರದೆಯ ಮೇಲೆ ಕಾಯಿಲೆ ಏರುತ್ತ ಹೋಯಿತು, ಅವನ ಕಿವಿಗೆ ಮಾತ್ರ ಅಕ್ಕಿಯ ಸದ್ದು ಬಿಟ್ಟು ಏನೂ ಬೀಳಲಿಲ್ಲ.

ಆಗ ಅವನಿಗೆ ಹೆದರಿಕೆ ಶುರುವಾಯಿತು. ಮಷೀನಿನ ಬಗ್ಗೆ ಅಲ್ಲ. ಹಿಂದಿನ ವಾರವಷ್ಟೇ ಮಗಳು, "ಅಪ್ಪಾ, ಟಿವಿ ಎಷ್ಟು ಜೋರಾಗಿ ಇಟ್ಟಿದೀಯ, ಕಿವುಡಾ ನೀನು?" ಅಂದಿದ್ದಳು. ನಗೆಗೆ ಅಂದ ಮಾತು. ಈಗ ಅದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡು ಕೂತಿತು.

ಪರದೆ ಕೆಂಪಿಗೆ ತಿರುಗಿದ ಬೆಳಿಗ್ಗೆ ಮ್ಯಾನೇಜರು ಖುದ್ದು ಉರುಳೆಯ ಹತ್ತಿರ ಬಂದರು. ಸುತ್ತ ಕೆಲಸದವರು ನೆರೆದಿದ್ದರು. ಕೈಯಲ್ಲಿ ಗ್ರೀಸ್ ಗನ್ ಹಿಡಿದು ಡಾಕ್ಟ್ರ ಭಾಮೈದನೂ ನಿಂತಿದ್ದ. ಹೆಂಡತಿಯ ಒಬ್ಬನೇ ತಮ್ಮ; ಇವನೇ ಮ್ಯಾನೇಜರಿಗೆ ಹೇಳಿ ಕೆಲಸಕ್ಕೆ ಸೇರಿಸಿದ್ದ. ಬೇರಿಂಗುಗಳಿಗೆ ಗ್ರೀಸ್ ತುಂಬುವುದು ಅವನ ಕೆಲಸ. ಇನ್ನೂ ಖಾಯಂ ಆಗಿರಲಿಲ್ಲ, ಆ ತಿಂಗಳ ಕೊನೆಗೆ ಆಗುವುದಿತ್ತು. ಖಾಯಂ ಆದರೆ ಮದುವೆ ಅಂತ ಹುಡುಗಿಯ ಮನೆಯವರು ಮಾತು ಕೊಟ್ಟಿದ್ದರು.

"ಏನ್ ಡಾಕ್ಟ್ರೇ," ಅಂದರು ಮ್ಯಾನೇಜರು. "ಕಂಪ್ಯೂಟರು ಕೆಂಪು ಅಂತಿದೆ. ನಿಮ್ಮ ಕಿವಿ ಏನನ್ನುತ್ತೆ?"

ಎಲ್ಲರ ಕಣ್ಣೂ ಅವನ ಮೇಲಿತ್ತು. ಸಲಾಕೆ ಇಟ್ಟು ಕೇಳಿದ. ಅಕ್ಕಿ ಸುರಿಯುತ್ತಿತ್ತು, ನೆಮ್ಮದಿಯಾಗಿ, ಯಾವತ್ತಿನ ಹಾಗೆ.

"ಕೇಳಿಸ್ತಿದೆ ಸರ್," ಅಂದ. "ಮರಳು ಅರೆದ ಹಾಗೆ."

"ಕಾರಣ?"

ಒಂದು ಸುಳ್ಳು ಹೊರಬಿದ್ದ ಮೇಲೆ ಇನ್ನೊಂದಕ್ಕೆ ಬಾಗಿಲು ತೆರೆದೇ ಇತ್ತು. "ಗ್ರೀಸ್ ಸಾಲದೆ ಹೋಗಿರಬಹುದು."

ಆ ಮಾತು ಎಲ್ಲಿಗೆ ಹೋಗಿ ನಾಟುತ್ತದೆ ಅಂತ ಅವನು ಯೋಚಿಸಿರಲಿಲ್ಲ ಅಂದರೆ ಅದೂ ಸುಳ್ಳೇ. ಬಾಯಿಂದ ಬೀಳುವ ಅರೆಗಳಿಗೆ ಮೊದಲು ಗೊತ್ತಾಗಿತ್ತು, ಆದರೂ ಬಿಟ್ಟಿದ್ದ. ತಲೆ ಎತ್ತಿದಾಗ ಭಾಮೈದ ತನ್ನ ಕೈಯಲ್ಲಿದ್ದ ಗ್ರೀಸ್ ಗನ್ನನ್ನೇ ನೋಡುತ್ತಿದ್ದ.

"ನಾನು ಹಾಕಿದೀನಿ ಸರ್," ಅಂದ ಅವನು. ಆಮೇಲೆ ಡಾಕ್ಟ್ರ ಮುಖ ನೋಡಿ ಸ್ವರ ಇಳಿಸಿದ. "ಹಾಕಿದೀನಿ ಅಂದ್ಕೊಂಡಿದೀನಿ. ಭಾವ ಹೇಳ್ತಿದಾರೆ ಅಂದ್ರೆ... ಭಾವನ ಕಿವಿ ತಪ್ಪಲ್ಲ."

ಲೈನ್ ನಿಲ್ಲಿಸಿ ಬೇರಿಂಗ್ ಬದಲಿಸಿದರು. ಒಂದು ದಿನದ ಸೋಪು ಹಾಳಾಯಿತು. ಭಾಮೈದನನ್ನು ಒಳಗಿನ ಕೆಲಸದಿಂದ ತೆಗೆದು ಹಿಂದಿನ ಅಂಗಳಕ್ಕೆ, ಲಾರಿಗೆ ಸೋಪಿನ ಪೆಟ್ಟಿಗೆ ಹೊರುವ ಗುಂಪಿಗೆ ಹಾಕಿದರು. ಹೊರುವವರು ಸುಮ್ಮನಿರುತ್ತಾರೆಯೇ? "ಬಾರೋ ಒಣ ಗ್ರೀಸು" ಅಂತ ಕರೆದರು. ಸಂಜೆಯ ಹೊತ್ತಿಗೆ ಅದೇ ಅವನ ಹೆಸರಾಯಿತು.

ಹಳೆಯ ಬೇರಿಂಗನ್ನು ಡಾಕ್ಟ್ರು ತಾನೇ ಬಿಚ್ಚಿದ. ಹತ್ತಿರ ಯಾರೂ ಇಲ್ಲದಾಗ ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದ. ಗುಂಡುಗಳು ಕನ್ನಡಿಯ ಹಾಗೆ ಹೊಳೆದವು. ಒಂದೊಂದರಲ್ಲೂ ಅವನದೇ ಮುಖ, ಮೂಗು ದಪ್ಪವಾಗಿ, ಕಣ್ಣು ಚಿಕ್ಕದಾಗಿ. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ತೊಳೆದ ಎಣ್ಣೆಯ ತುಂಬ ಒಳ್ಳೆಯ ಗ್ರೀಸು ತೇಲುತ್ತಿತ್ತು, ಧಾರಾಳವಾಗಿ ಹಾಕಿದ ಗ್ರೀಸು. ಬೇರಿಂಗನ್ನು ಗುಜರಿಯ ಡಬ್ಬಕ್ಕೆ ಹಾಕಿ, ಅದರ ಮೇಲೆ ತುಕ್ಕು ಹಿಡಿದ ಸರಪಳಿ ಸುರಿದ. ತನ್ನ ಕಿವಿ ಸರಿಯಾಗಿಯೇ ಇದೆ ಅನ್ನುವ ಸಂತೋಷ ಬರಬೇಕಿತ್ತು. ಬರಲಿಲ್ಲ. ಕಿವಿ ನಿಜ ಹೇಳಿತ್ತು, ಬಾಯಿ ಅದನ್ನು ನುಂಗಿತ್ತು.

ಮನೆಯಲ್ಲಿ ಹೆಂಡತಿ ತಟ್ಟೆ ಇಡುತ್ತ ತಮ್ಮನನ್ನು ಬೈದಳು. "ನಿಮ್ಮ ಮರ್ಯಾದೆ ತೆಗೆದನಲ್ಲ! ಫೋನ್ ಮಾಡಿ ಸರಿಯಾಗಿ ಬೈದೆ. ಇಷ್ಟು ದೊಡ್ಡ ಮನುಷ್ಯ ನಿನಗೆ ಕೆಲಸ ಕೊಡಿಸಿದ್ರೆ ಮೈಗಳ್ಳತನ ಮಾಡ್ತೀಯಾ ಅಂದೆ. ಆಮೇಲೆ ಏನಂದ ಗೊತ್ತಾ? 'ಅಕ್ಕಾ, ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಆದ್ರೂ ಮರೆತೆನೋ ಏನೋ. ನನ್ನ ತಲೆಯೇ ನನಗೆ ನಂಬಿಕೆಯಿಲ್ಲ' ಅಂತ ಅತ್ತ."

ಡಾಕ್ಟ್ರು ತಟ್ಟೆಯ ಅಂಚನ್ನೇ ನೋಡಿದ. "ಬೈಯಬಾರದಿತ್ತು," ಅಂದ.

"ನೀವೇ ಹೀಗೆ ತಲೆ ಮೇಲೆ ಕೂರಿಸ್ಕೊಂಡದ್ದಕ್ಕೇ ಕೆಟ್ಟ," ಅಂದಳು ಅವಳು. ಆ ದೊಡ್ಡ ಮನುಷ್ಯ ತಟ್ಟೆ ಸರಿಸಿ ಕೈತೊಳೆಯಲು ಎದ್ದ.

ಆದರೆ ಪರದೆ ಕೆಂಪಾದದ್ದು ಯಾಕೆ? ಅದು ಅವನಿಗೂ ಗೊತ್ತಿರಲಿಲ್ಲ. ಹೊಸ ಬೇರಿಂಗ್ ಹಾಕಿದ ಮೇಲೂ ಅವನು ಬಿಡದೆ ಕಿವಿ ಕೊಟ್ಟ. ಈಗಂತೂ ಮೊದಲಿಗಿಂತ ಹೆಚ್ಚು, ಕಳ್ಳ ತಾನು ಹೂತಿಟ್ಟ ಜಾಗವನ್ನು ಮತ್ತೆ ಮತ್ತೆ ನೋಡುವ ಹಾಗೆ. ವಾರ ಕಳೆಯುವಷ್ಟರಲ್ಲಿ ನಡು ಉರುಳೆ ಮತ್ತೆ ಹಳದಿಯಾಯಿತು. ಈ ಸಲ ಮ್ಯಾನೇಜರು ಕಂಪ್ಯೂಟರಮ್ಮನನ್ನು ಕರೆಸಿದರು.

ಅವಳು ಬೆಳಿಗ್ಗೆಯಿಂದ ಉರುಳೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ಸೋಪಿನ ಹುಡಿ ಅವಳ ಕೂದಲ ಮೇಲೆ, ಲ್ಯಾಪ್‌ಟಾಪಿನ ಮೇಲೆ ಬೆಳ್ಳಗೆ ಕೂತಿತು. ಅವಳೆದುರು ಕಬ್ಬಿಣದ ತುಂಡನ್ನು ಕಿವಿಗಿಟ್ಟು ನಿಲ್ಲಲು ಡಾಕ್ಟ್ರಿಗೆ ಒಂಥರಾ ಸಂಕೋಚವಾಯಿತು. ಅವತ್ತು ಸಲಾಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಓಡಾಡಿದ.

ಊಟದ ಹೊತ್ತಿಗೆ ಅವಳು ಕರೆದಳು. "ಡಾಕ್ಟ್ರೇ, ಇಲ್ಲಿ ಬನ್ನಿ, ನಿಮಗೆ ಈ ಮಷೀನಿನ ಜಾತಕವೇ ಗೊತ್ತಂತಲ್ಲ. ಇದೇನು ಅಂತ ನೀವೇ ಹೇಳಿ."

ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ ನೇರವಾಗಿ ಹೋಗುತ್ತಿತ್ತು. ಒಂದು ಕಡೆ ಇದ್ದಕ್ಕಿದ್ದ ಹಾಗೆ ಎರಡು ಸೂಜಿಗಳು ಪಕ್ಕಪಕ್ಕ ಎದ್ದು ನಿಂತಿದ್ದವು. ಅವುಗಳ ಹಿಂದೆಯೇ ಕೊಂಚ ದೂರ ಗೆರೆ ಗುಜುಗುಜು ಅಂದು, ಮತ್ತೆ ನೇರವಾಗಿತ್ತು.

"ಬೇರಿಂಗ್ ಕೆಟ್ಟಿದ್ರೆ ಹೀಗೆ ಬಿಟ್ಟು ಬಿಟ್ಟು ಬರಲ್ಲ, ಒಂದೇ ಸಮ ಇರುತ್ತೆ. ನಮ್ಮ ಕಂಪ್ಯೂಟರು ಏಟಿನ ಜೋರು ನೋಡಿ ಕಾಯಿಲೆ ಅಂದ್ಕೊಂಡಿದೆ," ಅಂದಳು. "ಯಾವಾಗಲೂ ಹೀಗೇ, ಎರಡು ಏಟು, ಆಮೇಲೊಂದು ಒರಸಾಟ. ಬೆಳಿಗ್ಗೆ ಕೆಲಸ ಶುರುವಾದಾಗ ಬರುತ್ತೆ, ಊಟದ ಮೇಲೆ ಬರುತ್ತೆ. ಭಾನುವಾರ ಇಲ್ಲ. ವಿಚಿತ್ರ ಅಂದ್ರೆ ನಾನು ಕೂತಿದೀನಲ್ಲ, ಇವತ್ತು ಒಂದು ಸಲಾನೂ ಬಂದಿಲ್ಲ. ಯಾವುದಾದ್ರೂ ಗಾಡಿ ತಗುಲುತ್ತಾ ಇಲ್ಲಿಗೆ?"

ಡಾಕ್ಟ್ರು ಆ ಎರಡು ಸೂಜಿಗಳನ್ನು ನೋಡಿದ. ತನ್ನ ಕೈಬರಹವನ್ನು ತಾನೇ ಗುರುತಿಸಿದ ಹಾಗಾಯಿತು. ಟಕ್, ಟಕ್. ಆಮೇಲೆ ಮೂಳೆಗೆ ಒತ್ತಿ ಹಿಡಿದ ಸಲಾಕೆಯ ಒರಸಾಟ. ಬೇರೆ ಮಷೀನುಗಳಲ್ಲಿ ಪೆಟ್ಟಿಗೆಯನ್ನು ಆಚೆ ಬದಿಗೋ ಕೆಳಗೋ ಅಂಟಿಸಿದ್ದರು. ನಡು ಉರುಳೆಯಲ್ಲಿ ಮಾತ್ರ ಜಾಗವಿಲ್ಲದೆ, ಅವನು ಯಾವತ್ತೂ ತಟ್ಟುವ ಕಡೆಯಿಂದ ಅಂಗೈಯಗಲ ದೂರದಲ್ಲೇ ಇತ್ತು. ಮಷೀನಿಗೆ ಕಾಯಿಲೆ ಇದೆಯಾ ಅಂತ ಅವನು ತಟ್ಟಿದ್ದ. ತಟ್ಟಿದ್ದೇ ಕಾಯಿಲೆಯಾಗಿ ಆ ದೂರದ ಊರಿಗೆ ಹೋಗಿತ್ತು. ಅಲ್ಲಿಂದ ಹಳದಿಯಾಗಿ ಬಂದದ್ದನ್ನು ನೋಡಿ ಹೆದರಿ ಮತ್ತೆ ತಟ್ಟಿದ್ದ. ಮಲಗಿರೋ ಮಕ್ಕಳನ್ನ ಎಬ್ಬಿಸಿ ನಿದ್ದೆ ಬಂತಾ ಅಂತ ಕೇಳೋ ಅಪ್ಪ.

ಕಿವಿ, ಕೆನ್ನೆ, ಕತ್ತು ಎಲ್ಲ ಬಿಸಿಯಾಯಿತು. ಬೆನ್ನ ಹಿಂದೆ ಸಲಾಕೆ ಬೆವರಿಗೆ ಜಾರುತ್ತಿತ್ತು.

"ಗೊತ್ತಿಲ್ಲಮ್ಮಾ," ಅಂದ. "ಗಾಡಿ ಇರಬಹುದು. ನೋಡ್ತೀನಿ."

ಅವಳು ಏನೂ ಅನುಮಾನಿಸದೆ ತಲೆಯಾಡಿಸಿದಳು. ಅವಳು ನಂಬಿದ್ದೇ ಅವನನ್ನು ಇನ್ನಷ್ಟು ಚುಚ್ಚಿತು. ಭಾಮೈದನೂ ಹೀಗೇ ನಂಬಿದ್ದ.

ಆಮೇಲಿನ ದಿನಗಳಲ್ಲಿ ಅವನು ನಡು ಉರುಳೆಯನ್ನು ಮುಟ್ಟಲಿಲ್ಲ. ಹಳದಿ ತಿಳಿಯಾಯಿತು, ಹಸಿರಾಯಿತು, ಹಸಿರಾಗಿಯೇ ಉಳಿಯಿತು. ಇಷ್ಟೇ ಸಾಕಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಕೈ ತಡೆದುಕೊಂಡರೆ ಡಾಕ್ಟ್ರು ಡಾಕ್ಟ್ರಾಗಿಯೇ ಇರುತ್ತಿದ್ದ. ಆದರೆ ಚಹಾ ಕುಡಿಯಲು ಹಿಂದಿನ ಬಾಗಿಲಿಗೆ ಹೋದಾಗೆಲ್ಲ ಅಂಗಳ ಕಾಣುತ್ತಿತ್ತು. ಭಾಮೈದ ಬೆನ್ನ ಮೇಲೆ ಸೋಪಿನ ಪೆಟ್ಟಿಗೆ ಹೊತ್ತು, ಲಾರಿಗೆ ಒರಗಿಸಿದ ಹಲಗೆ ಹತ್ತುತ್ತಿದ್ದ. ಒಮ್ಮೆ ಪೆಟ್ಟಿಗೆಯನ್ನಿಟ್ಟು ಕೆಳಗಿಳಿದವನು, ಮತ್ತೆ ಹಲಗೆ ಹತ್ತಿ ಹೋಗಿ ಇಟ್ಟಿದ್ದೇನಾ ಅಂತ ಮುಟ್ಟಿ ನೋಡಿ ಬಂದ. ಇಟ್ಟದ್ದನ್ನು ಇಟ್ಟಿದ್ದೇನೆ ಅಂತ ನಂಬಲಾರದೆ ಹೋಗಿದ್ದ ಹುಡುಗ. ಹೊರುವವರು ಸಿಳ್ಳೆ ಹೊಡೆದರು. "ಒಣ ಗ್ರೀಸೂ, ಎಣಿಸಿಕೊಂಡ್ಯಾ?"

ಡಾಕ್ಟ್ರು ಚಹಾವನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದ.

ತಿಂಗಳ ಕೊನೆ ಬಂತು. ಕಂಪ್ಯೂಟರಮ್ಮ ಕೊನೆಯ ಸಲ ನೋಡಿ ಹೋಗಲು ಬಂದಿದ್ದಳು. ಮ್ಯಾನೇಜರು ಉರುಳೆಯ ಹತ್ತಿರ, ಡಾಕ್ಟ್ರ ಎದುರಿಗೇ ನಿಂತು ಅವಳಿಗೆ ಹೇಳುತ್ತಿದ್ದರು: "ಹೊಸ ಬೇರಿಂಗ್ ಹೊಂದಿಕೊಂಡಿತು ನೋಡಿ. ಕಂಪ್ಯೂಟರು ಹೇಳಿತು, ಡಾಕ್ಟ್ರು ಖಾತ್ರಿ ಮಾಡಿದ್ರು, ಆ ಹುಡುಗನ್ನ ಬದಲಾಯಿಸಿದ್ವಿ. ಖಾಯಂ ಮಾಡೋರ ಹೆಸರು ಇವತ್ತು ಮೇಲಿನವರಿಗೆ ಕಳಿಸ್ತೀನಿ. ಅವನನ್ನ ಕೈಬಿಟ್ಟೆ, ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಸಂಬಂಧ ಬೇರೆ, ಕೆಲಸ ಬೇರೆ. ನೀವು ಸ್ವಂತ ಭಾಮೈದ ಅಂತ ನೋಡದೆ ನಿಜ ಹೇಳಿದ್ರಲ್ಲ, ಅದು ದೊಡ್ಡತನ."

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ.

"ಅಮ್ಮಾ," ಅಂದ ಅವನು, "ಲ್ಯಾಪ್‌ಟಾಪಲ್ಲಿ ಆ ಗೆರೆ ತೆಗೀರಿ. ನೋಡ್ತಾ ಇರಿ."

ಬೆನ್ನ ಹಿಂದಿನಿಂದ ಸಲಾಕೆ ತೆಗೆದ. ನಡು ಉರುಳೆಯ ಬೇರಿಂಗಿನ ಮೇಲೆ ತಟ್ಟಿದ. ಟಕ್, ಟಕ್. ಗುಬುಟನ್ನು ಕಿವಿಯ ಹಿಂದೆ ಒತ್ತಿ ಹಿಡಿದ. ಅಕ್ಕಿ ಸುರಿಯುತ್ತಿತ್ತು.

ಲ್ಯಾಪ್‌ಟಾಪಿನಲ್ಲಿ ಎರಡು ಸೂಜಿಗಳು ಎದ್ದವು. ಹಿಂದೆಯೇ ಗುಜುಗುಜು.

ಕಂಪ್ಯೂಟರಮ್ಮ ಪರದೆಯಿಂದ ತಲೆ ಎತ್ತಿ ಸಲಾಕೆಯನ್ನು ನೋಡಿದಳು, ಅವನನ್ನು ನೋಡಿದಳು. ಮುಖದಲ್ಲಿ ನಗು ಬರುವುದರಲ್ಲಿತ್ತು. ಅವನ ಮುಖ ಕಂಡು ತಡೆದುಕೊಂಡಳು. "ಅಯ್ಯೋ, ನೀವಾ!" ಅಂದಳು ಮೆಲ್ಲಗೆ. "ನಾನು ಅಲ್ಲಿ ಪೆಟ್ಟಿಗೆ ಅಂಟಿಸೋ ಮೊದಲು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

ಮ್ಯಾನೇಜರು ನಗಲಿಲ್ಲ. "ಹಾಗಾದ್ರೆ ಬೇರಿಂಗ್ ಕೆಟ್ಟಿರಲಿಲ್ಲ?"

"ಇಲ್ಲ ಸರ್. ಬಿಚ್ಚಿ ನೋಡಿದೆ. ತುಂಬಾ ಗ್ರೀಸ್ ಇತ್ತು. ಗುಜರಿ ಡಬ್ಬದಲ್ಲಿ ಮುಚ್ಚಿಟ್ಟೆ."

"ಮರಳು ಅರೆದ ಹಾಗೆ ಕೇಳಿಸ್ತು ಅಂದ್ರಲ್ಲ ಡಾಕ್ಟ್ರೇ?"

"ಏನೂ ಕೇಳಿಸಿರಲಿಲ್ಲ. ಕಿವಿ ಹೋಯಿತೇನೋ ಅಂತ ಹೆದರಿ... ಕೇಳಿಸ್ತಿದೆ ಅಂದುಬಿಟ್ಟೆ."

"ಹುಡುಗನ ಹೆಸರು ಸೇರಿಸ್ತೀನಿ," ಅಂದರು ಮ್ಯಾನೇಜರು. ಹೊರಟವರು ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, "ಇನ್ನು ಮೇಲೆ ನಿಮ್ಮ ಕಿವಿ ಏನನ್ನುತ್ತೆ ಅಂತ ನಾನು ಕೇಳಲ್ಲ," ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಭಾಮೈದನನ್ನು ಒಳಗೆ ಕರೆಸಿದರು. ಡಾಕ್ಟ್ರು ಅವನ ಮುಖ ನೋಡಲಾರದೆ, ಕೊರಳಲ್ಲಿ ಸುತ್ತಿಕೊಂಡಿದ್ದ ಬಟ್ಟೆ ನೋಡುತ್ತ ಎಲ್ಲವನ್ನೂ ಹೇಳಿದ. ಹುಡುಗ ಪೂರ್ತಿ ಕೇಳಿದ. ಖಾಯಂ ಪಟ್ಟಿಗೆ ಹೆಸರು ಸೇರಿದ್ದು ಕೇಳಿಯೂ ಮುಖ ಅರಳಲಿಲ್ಲ.

"ನಾನು ಗ್ರೀಸ್ ಹಾಕಿದ್ದೆ," ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಹಾಕಿದ್ದೆ ನೋಡಿ." ಆಮೇಲೆ, "ಭಾವಾ, ಇದನ್ನ ಅಲ್ಲಿ ಹೇಳಿ."

"ಎಲ್ಲಿ?"

"ಅಂಗಳದಲ್ಲಿ. ಇಲ್ಲಿ ಪಿಸುಗುಟ್ಟಿದ್ರೆ ಅವರಿಗೆ ಕೇಳಿಸಲ್ಲ."

ಡಾಕ್ಟ್ರು ಹಿಂದಿನ ಬಾಗಿಲು ದಾಟಿದ. ಹೊರುವವರು ಲಾರಿಯ ಸುತ್ತ ಇದ್ದರು. ಲಾರಿಯ ಇಂಜಿನ್ ಗುಡುಗುಡು ಅನ್ನುತ್ತಿತ್ತು. ಅವನು ಹತ್ತಿರ ಹೋಗಿ, "ತಪ್ಪು ಇವನದಲ್ಲ, ನನ್ನದು," ಅಂದ.

"ಏನು?" ಅಂತ ಲಾರಿಯ ಮೇಲಿದ್ದವನು ಕಿವಿಗೆ ಕೈ ಹಿಡಿದ. "ಕೇಳಿಸಲಿಲ್ಲ ಡಾಕ್ಟ್ರೇ! ಜೋರಾಗಿ ಹೇಳಿ!"

"ತಪ್ಪು ನನ್ನದು ಅಂದೆ! ಇವನು ಗ್ರೀಸ್ ಹಾಕಿದ್ದ!"

"ಯಾರು ಹಾಕಿದ್ದು?"

ಒಬ್ಬನು ಪೆಟ್ಟಿಗೆ ಇಳಿಸಿ ಹತ್ತಿರ ಬಂದ. ಗೋಡೆಯ ಹತ್ತಿರ ಬೀಡಿ ಸೇದುತ್ತಿದ್ದವರೂ ಎದ್ದು ಬಂದರು. ಜೀವಮಾನವೆಲ್ಲ ಸಣ್ಣ ಸದ್ದುಗಳಿಗೆ ಕಿವಿ ಕೊಟ್ಟವನು ಎದೆ ತುಂಬ ಉಸಿರೆಳೆದುಕೊಂಡು, ಕತ್ತಿನ ನರ ಉಬ್ಬಿಸಿ ಕೂಗಿದ: "ಇವನು ಹಾಕಿದ್ದ! ಬೇರಿಂಗ್ ಚೆನ್ನಾಗಿತ್ತು! ನಾನು ಸುಳ್ಳು ಹೇಳಿದೆ!"

ಅಷ್ಟರಲ್ಲಿ ಯಾರೋ ಡ್ರೈವರಿಗೆ ಕೈಮಾಡಿ ಇಂಜಿನ್ ಆರಿಸಿದ್ದರು. ಕೊನೆಯ ಮಾತು ಸದ್ದಡಗಿದ ಅಂಗಳದಲ್ಲಿ ಬಿದ್ದು, ಎದುರಿನ ಗೋಡೆಗೆ ತಗುಲಿ ವಾಪಸ್ ಬಂತು. ಲಾರಿಯ ಮೇಲಿದ್ದವನು ಕಿವಿಯಿಂದ ಕೈ ಇಳಿಸಿದ.

"ಹಾಗಾದ್ರೆ ಇವನಿಗೆ ಬೇರೆ ಹೆಸರು ಹುಡುಕಬೇಕಲ್ಲ," ಅಂದ. ಒಬ್ಬಿಬ್ಬರು ನಕ್ಕರು. ಯಾರೋ ಭಾಮೈದನ ಬೆನ್ನಿಗೆ ಗುದ್ದಿದರು. ಡಾಕ್ಟ್ರ ಕಡೆ ಯಾರೂ ನೋಡಲಿಲ್ಲ, ಅದೇ ಒಂದು ದಯೆ.

ಭಾಮೈದ ಬಾಗಿಲವರೆಗೆ ಜೊತೆಗೆ ಬಂದ. ಕೈಗೆ ಗ್ರೀಸ್ ಗನ್ ಮರಳಿ ಬಂದಿತ್ತು. ಅದರ ಹಿಡಿಯನ್ನು ಬಟ್ಟೆಯಿಂದ ಒರೆಸುತ್ತ, "ಅಕ್ಕನಿಗೆ ನಾನು ಹೇಳಲ್ಲ ಭಾವ. ಅದನ್ನೂ ನೀವೇ ಹೇಳಿ," ಅಂದು ಒಳಗೆ ಹೋದ.

ಸಂಜೆ ಡಾಕ್ಟ್ರು ಮನೆ ಸೇರಿದಾಗ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಒಳಗೆ ಹೆಂಡತಿ ಮಗಳ ಜೊತೆ ಏನೋ ಹೇಳಿ ನಗುತ್ತಿದ್ದಳು. ಆ ನಗುವಿನ ಒಂದೊಂದು ಎಳೆಯೂ ಹೊಸ್ತಿಲಿನಿಂದಲೇ ಅವನಿಗೆ ಕೇಳುತ್ತಿತ್ತು. ಕಿವಿ ಅಷ್ಟು ಚೆನ್ನಾಗಿತ್ತು. ಬಾಗಿಲು ಅರ್ಧ ತೆರೆದಿತ್ತು. ಆದರೂ ಅವನು ಬೆರಳು ಮಡಚಿ ಎರಡು ಸಲ ತಟ್ಟಿದ.

"ತೆರೆದೇ ಇದೆಯಲ್ರೀ," ಅಂದಳು ಅವಳು ಒಳಗಿಂದ. "ಬರೋದು ಬಿಟ್ಟು ಅಲ್ಲೇ ಯಾಕೆ ನಿಂತಿದೀರಿ?"